ಡೆಂಡ್ರೋಬಿಯಂ ಚಿಗುರು ರಾಶಿ ಬರುತ್ತಿದೆ, ಬೇರು ಒಂದೂ ಇಲ್ಲ. ಎನ್‌ಎಎ ಜಾಸ್ತಿ ಮಾಡಲಾ?

ಸಿರುಗುಪ್ಪದ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಜಿಲ್ಲೆ ಸಿರುಗುಪ್ಪ. ಅಪ್ಪನದು ಗೊಬ್ಬರ, ಔಷಧಿ ಅಂಗಡಿ. ನಾನು ಬಯೋಟೆಕ್ನಾಲಜಿ ಓದಿ ಬಂದು ಅಂಗಡಿ ಮೇಲಿನ ರೂಮಿನಲ್ಲಿ ಸಣ್ಣ ಲ್ಯಾಬ್ ಮಾಡಿಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಲ್ಯಾಮಿನಾರ್ (ಸೋಸಿದ ಶುದ್ಧ ಗಾಳಿ ಊದುವ ಮೇಜು) ಇದೆ. ಆಟೋಕ್ಲೇವ್ ಬದಲು ದೊಡ್ಡ ಕುಕ್ಕರ್. ಭತ್ತದ ಊರಲ್ಲಿ ಆರ್ಕಿಡ್ ಯಾಕೆ ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಅದು ಇರಲಿ.

ಮನೆಯಲ್ಲಿದ್ದ ನೇರಳೆ ಡೆಂಡ್ರೋಬಿಯಂಗೆ ನಾನೇ ಪರಾಗ ಹಚ್ಚಿದೆ. ಕಾಯಿ ಕಟ್ಟಿತು. ಒಡೆಯುವ ಮೊದಲೇ ಹಸಿ ಕಾಯಿ ಕೊಯ್ದು, ಸ್ಪಿರಿಟ್‌ನಲ್ಲಿ ಅದ್ದಿ, ಬೆಂಕಿ ತೋರಿಸಿ, ಸೀಳಿ ಬೀಜ ಉದುರಿಸಿದೆ. ಮೊಳಕೆ ಚೆನ್ನಾಗಿಯೇ ಬಂತು. ಮೊದಲು ಪ್ರೋಟೋಕಾರ್ಮ್ ಅನ್ನುವ ಹಸಿರು ಗುಂಡು, ಆಮೇಲೆ ಸಣ್ಣ ಎಲೆ. ಮರಿ ಜಾಸ್ತಿ ಮಾಡೋಣ ಅಂತ ಅದನ್ನು ಈ ಮೀಡಿಯಾಕ್ಕೆ (ಗಿಡ ಬೆಳೆಸುವ ಪೋಷಕ ಜೆಲ್ಲಿಗೆ) ಬದಲಿಸಿದೆ: ಅರ್ಧ ಎಂಎಸ್ (ಪೋಷಕ ಲವಣಗಳ ಪುಡಿ, ಅರ್ಧ ಪ್ರಮಾಣ), ಸಕ್ಕರೆ 30 ಗ್ರಾಂ, ಚಿಗುರು ಒಡೆಸುವ ಹಾರ್ಮೋನ್ ಬಿಎಪಿ 2 ಮಿ.ಗ್ರಾಂ, ಆಕ್ಸಿನ್ ಗುಂಪಿನ ಹಾರ್ಮೋನ್ ಎನ್‌ಎಎ 0.5 ಮಿ.ಗ್ರಾಂ, ಎಳನೀರು 150 ಮಿ.ಲೀ., ಅಗಾರ್ 6 ಗ್ರಾಂ. ಎಲ್ಲ ಒಂದು ಲೀಟರ್ ಲೆಕ್ಕ. ಪಿಎಚ್ 5.7.

ಈಗ ಬಾಟಲಿ ತುಂಬ ಚಿಗುರು. ಮೊದಮೊದಲು ಖುಷಿಯಾಯಿತು. ಆದರೆ ಎಲ್ಲ ಕುಳ್ಳ, ಒತ್ತೊತ್ತಾಗಿ ಗಂಟು ಕಟ್ಟಿದಂತಿವೆ. ಕೆಲವು ಎಲೆ ನೀರು ತುಂಬಿಕೊಂಡು ಗಾಜಿನ ತರಹ ಪಾರದರ್ಶಕವಾಗಿವೆ, ಮುಟ್ಟಿದರೆ ಮುರಿಯುತ್ತವೆ. ಬೇರಿನ ಸುಳಿವೇ ಇಲ್ಲ. ರೂಮಿನಲ್ಲಿ ಎಸಿ ಇಲ್ಲ, ಕೂಲರ್ ಇದೆ. ಮಧ್ಯಾಹ್ನ 32 ಡಿಗ್ರಿ ತೋರಿಸುತ್ತದೆ.

ಬೇರಿಗೆ ಆಕ್ಸಿನ್ ಬೇಕು ಅಂತ ಓದಿದ್ದೇವೆ ಅಲ್ವಾ? ಹಾಗಾದರೆ ಎನ್‌ಎಎ 2 ಮಿ.ಗ್ರಾಂಗೆ ಏರಿಸಿದರೆ ಸಾಕಾ? ಲ್ಯಾಬ್ ಎನ್‌ಎಎ ಮುಗಿಯುತ್ತಾ ಬಂದಿದೆ. ಕೆಳಗೆ ಅಂಗಡಿಯಲ್ಲಿ ಪ್ಲಾನೋಫಿಕ್ಸ್ ಇದೆ, ಅದೂ ಎನ್‌ಎಎ ತಾನೇ. ಅದನ್ನೇ ಹಾಕಬಹುದಾ?

ಹುಲಿಗಿ ಪ್ಯಾಸೆಂಜರ್

ಬ್ರೋ, ಬಿಎಪಿ ಹಳೇ ಕಾಲದ್ದು. ಅದರಂತೆಯೇ ಚಿಗುರು ಒಡೆಸುವ ಟಿಡಿಝಡ್ ಹಾಕಿ ನೋಡಿ, ಮರಿ ಎಣಿಸೋಕೆ ಆಗಲ್ಲ. ನಮ್ಮ ಕೊಪ್ಪಳದ ಫ್ರೆಂಡ್ ಒಬ್ಬರು 1 ಮಿ.ಗ್ರಾಂ ಹಾಕುತ್ತಾರೆ.

ರಾಯಚೂರು ಅಕ್ಕ

ಮರಿ ಎಣಿಸೋಕೆ ಆಗದಿರುವುದೇ ಇವರ ಈಗಿನ ಕಷ್ಟ. ಅದಕ್ಕೆ ಟಿಡಿಝಡ್ ಬೇರೆ ಯಾಕೆ ರೀ?

ಸಿರುಗುಪ್ಪದವರೇ, ಸ್ವಲ್ಪ ಉದ್ದ ಬರೆಯುತ್ತೇನೆ, ಕೂತು ಓದಿ. ನಾನು ಬಾಳೆ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಮೀಡಿಯಾ ರೂಮ್ ನೋಡಿಕೊಂಡವಳು. ಈಗ ರಾಯಚೂರಿನ ಮನೆಯಲ್ಲೇ ಒಂದು ರೂಮ್ ಆರ್ಕಿಡ್‌ಗೆ ಬಿಟ್ಟಿದ್ದೇನೆ. ಬಾಳೆಯವರು ಆರ್ಕಿಡ್‌ಗೆ ಬಂದಾಗ ಕೈ ಹೋಗುವುದು ಮೊದಲು ಬಿಎಪಿ ಬಾಟಲಿಗೇ. ಬಾಳೆಗೆ 3, 5 ಮಿ.ಗ್ರಾಂ ಹಾಕಿ ರೂಢಿಯಾಗಿರುತ್ತದೆ. ಡೆಂಡ್ರೋಬಿಯಂ ಬೀಜದ ಮರಿಗೆ ಅಷ್ಟು ಬೇಡ.

ನಿಮ್ಮ ಪ್ರಶ್ನೆ "ಆಕ್ಸಿನ್ ಎಷ್ಟು ಹೆಚ್ಚಿಸಲಿ" ಅಂತ. ನನ್ನ ಉತ್ತರ: ಆಕ್ಸಿನ್ ಹೆಚ್ಚಿಸಬೇಡಿ, ಸೈಟೊಕೈನಿನ್ (ಚಿಗುರು ಒಡೆಸುವ ಹಾರ್ಮೋನ್ ಗುಂಪು, ನಿಮ್ಮ ಬಿಎಪಿ ಅದೇ) ತೆಗೆಯಿರಿ. ಹಾರ್ಮೋನ್ ಗೊಬ್ಬರ ಅಲ್ಲ. ಅದು ಬಸ್ ಕಂಡಕ್ಟರ್ ಸೀಟಿ ಇದ್ದಂತೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಜೋರಾಗಿ ಊದಿದರೆ ಬಸ್ ಜೋರಾಗಿ ಓಡಲ್ಲ. ನಿಮ್ಮ ಬಾಟಲಿಯಲ್ಲಿ "ಚಿಗುರು ಒಡೆ" ಅನ್ನುವ ಸೀಟಿ ನಿಂತೇ ಇಲ್ಲ, ಗಿಡ ಬೇರು ಬಿಡುವುದಾದರೂ ಯಾವಾಗ?

ಈ ಲೆಕ್ಕ ಹೊಸದಲ್ಲ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದಲ್ಲಿ ಇದನ್ನೇ ತೋರಿಸಿದರು. ಸೈಟೊಕೈನಿನ್ ಪಾಲು ಹೆಚ್ಚಿದ್ದರೆ ಚಿಗುರು, ಆಕ್ಸಿನ್ ಪಾಲು ಹೆಚ್ಚಿದ್ದರೆ ಬೇರು, ಎರಡೂ ಸಮನಾಗಿದ್ದರೆ ಕ್ಯಾಲಸ್ ಗಂಟು, ಅಂದರೆ ಚಿಗುರೂ ಅಲ್ಲದ ಬೇರೂ ಅಲ್ಲದ ಜೀವಕೋಶಗಳ ಮುದ್ದೆ. ಮುಖ್ಯ ಆಗುವುದು ಅನುಪಾತ. ಅಂದಹಾಗೆ ಮೊದಲ ಸೈಟೊಕೈನಿನ್ ಆದ ಕೈನೆಟಿನ್ ಅವರಿಗೆ ಸಿಕ್ಕಿದ್ದು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಲ್ಲಿ, 1955ರಲ್ಲಿ. ಗಿಡದ ಹಾರ್ಮೋನ್ ಹುಡುಕಲು ಹೋದವರಿಗೆ ಮೀನು ಸಿಕ್ಕಿತು ನೋಡಿ.

ಈಗ ನಿಮ್ಮ ಮೀಡಿಯಾ. ಬಿಎಪಿ 2, ಎನ್‌ಎಎ 0.5. ತೂಕದಲ್ಲಿ ನಾಲ್ಕಕ್ಕೆ ಒಂದು. ಅಣು ಲೆಕ್ಕದಲ್ಲಿ ಬಿಎಪಿ 1 ಮಿ.ಗ್ರಾಂ ಅಂದರೆ 4.44 ಮೈಕ್ರೋಮೋಲಾರ್, ಎನ್‌ಎಎ 1 ಮಿ.ಗ್ರಾಂ ಅಂದರೆ 5.37. ಈ ಎರಡು ಅಂಕಿ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಸಂಶೋಧನಾ ಲೇಖನಗಳಲ್ಲಿ ಅರ್ಧ ಜನ ಮಿ.ಗ್ರಾಂನಲ್ಲಿ ಬರೆಯುತ್ತಾರೆ, ಇನ್ನರ್ಧ ಮೈಕ್ರೋಮೋಲಾರ್‌ನಲ್ಲಿ. "5 ಬಿಎಪಿ" ಅಂತ ಓದಿ 5 ಮಿ.ಗ್ರಾಂ ತೂಗಿದವರನ್ನು ನಾನು ನೋಡಿದ್ದೇನೆ. ಅಲ್ಲಿ ಬೇಕಿದ್ದದ್ದು 1.1 ಮಿ.ಗ್ರಾಂ ಮಾತ್ರ.

ಅದರ ಮೇಲೆ ಎಳನೀರು 150 ಮಿ.ಲೀ. ಎಳನೀರನ್ನು ಸುಮ್ನೆ ಸಿಹಿ ನೀರು ಅಂದುಕೊಳ್ಳಬೇಡಿ. ಅದರಲ್ಲೇ ಝಿಯಾಟಿನ್ ತರಹದ ಸೈಟೊಕೈನಿನ್‌ಗಳಿವೆ. 1941ರಿಂದಲೂ ಅದನ್ನು ಮೀಡಿಯಾಕ್ಕೆ ಹಾಕುತ್ತಿರುವುದಕ್ಕೆ ಅದೂ ಒಂದು ಕಾರಣ. ಕಾಯಿ ಎಳಸೋ ಬಲಿತದ್ದೋ ಅನ್ನುವುದರ ಮೇಲೆ ಪ್ರಮಾಣ ಏರುಪೇರಾಗುತ್ತದೆ. ಅಂದರೆ ನೀವು 2 ಅಂತ ಬರೆದುಕೊಂಡಿದ್ದೀರಿ, ಗಿಡಕ್ಕೆ ಸಿಗುತ್ತಿರುವುದು ಅದಕ್ಕಿಂತ ಜಾಸ್ತಿ. ಎಳನೀರು ಹಾಕುವುದಾದರೆ ಬಿಎಪಿ ಕಡಿಮೆ ಮಾಡಿ. ಬಿಎಪಿ ಹಾಕುವುದಾದರೆ ಎಳನೀರು ನೀವೇ ಕುಡಿಯಿರಿ, ಸಿರುಗುಪ್ಪದ ಬಿಸಿಲಿಗೆ ಒಳ್ಳೆಯದು.

ಗಾಜಿನಂಥ ಎಲೆ ಬಗ್ಗೆ. ಲ್ಯಾಬ್‌ನಲ್ಲಿ ಇದಕ್ಕೆ ವಿಟ್ರಿಫಿಕೇಶನ್ ಅನ್ನುತ್ತಾರೆ. ಹೊಸ ಹೆಸರು ಹೈಪರ್‌ಹೈಡ್ರಿಸಿಟಿ. ಕಾರಣ ಒಂದೇ ಅಲ್ಲ, ನಿಮ್ಮಲ್ಲಿ ಎಲ್ಲವೂ ಒಟ್ಟಿಗೆ ಸೇರಿವೆ. ಸೈಟೊಕೈನಿನ್ ಜಾಸ್ತಿ. ಅಗಾರ್ 6 ಗ್ರಾಂ, ಅದು ಮೆತ್ತಗೆ. ಕುಕ್ಕರ್‌ನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬೇಯಿಸಿದರೆ ಅಗಾರ್ ಇನ್ನೂ ಸಡಿಲವಾಗುತ್ತದೆ. ಗಾಳಿಯಾಡದ ಮುಚ್ಚಳ ಇದ್ದರೆ ಒಳಗೆ ತೇವ, ಎಥಿಲೀನ್ ಎರಡೂ ನಿಲ್ಲುತ್ತವೆ. ರೂಮ್ 32 ಡಿಗ್ರಿ. ಎಂಎಸ್ ಪುಡಿಯ ಅಮೋನಿಯಂ ಕೂಡ ಸೇರಿಸಿ. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಅದನ್ನು ತಂಬಾಕಿಗೆ ಮಾಡಿದ್ದು, ಪೂರ್ತಿ ಎಂಎಸ್‌ನಲ್ಲಿ ಲೀಟರಿಗೆ 1650 ಮಿ.ಗ್ರಾಂ ಅಮೋನಿಯಂ ನೈಟ್ರೇಟ್ ಇದೆ. ಮರದ ತೊಗಟೆಗೆ ಅಂಟಿಕೊಂಡು, ಮಳೆ ನೀರಲ್ಲಿ ಕರಗಿ ಬಂದದ್ದನ್ನು ತಿಂದು ಬದುಕುವ ಗಿಡಕ್ಕೆ ಅದು ಹಬ್ಬದೂಟ. ನೀವು ಅರ್ಧ ಹಾಕಿದ್ದು ಸರಿಯಾಗಿದೆ, ಅದನ್ನು ಬದಲಿಸಬೇಡಿ.

ಪೂರ್ತಿ ಗಾಜಾದ ಚಿಗುರು ಸರಿಹೋಗುವುದು ಅಪರೂಪ. ಅವುಗಳ ಆಸೆ ಬಿಡಿ. ಗಟ್ಟಿ ಹಸಿರು ಎಲೆ ಇರುವುದನ್ನು ಮಾತ್ರ ಆರಿಸಿ. ಗಂಟನ್ನು ಎರಡು ಮೂರು ಚಿಗುರಿನ ತುಂಡುಗಳಾಗಿ ಬಿಡಿಸಿ. ಒಂಟಿ ಚಿಗುರು ಮಾಡಲು ಹೋಗಬೇಡಿ, ತೀರಾ ಸಣ್ಣವು ಸೊರಗುತ್ತವೆ. ಅವನ್ನು ಹಾರ್ಮೋನ್ ಇಲ್ಲದ ಮೀಡಿಯಾಕ್ಕೆ ಹಾಕಿ: ಅರ್ಧ ಎಂಎಸ್, ಸಕ್ಕರೆ 20 ಗ್ರಾಂ, ಅಗಾರ್ 8 ಗ್ರಾಂ, ಆಕ್ಟಿವೇಟೆಡ್ ಚಾರ್ಕೋಲ್ 1 ಗ್ರಾಂ. ಬಿಎಪಿ ಇಲ್ಲ, ಎನ್‌ಎಎ ಇಲ್ಲ, ಎಳನೀರು ಇಲ್ಲ. ಆರು ವಾರ ಬಿಡಿ.

ಚಾರ್ಕೋಲ್ ಯಾಕೆ ಅಂದರೆ, ಗಿಡದೊಳಗೆ ಮೊದಲೇ ಸೇರಿರುವ ಬಿಎಪಿ ಮೀಡಿಯಾ ಬದಲಿಸಿದ ದಿನವೇ ಹೋಗಲ್ಲ. ಅದರ ಪ್ರಭಾವ ಮುಂದಿನ ಬಾಟಲಿಗೂ ಬರುತ್ತದೆ. ಗಿಡದಿಂದ ಹೊರಬರುವ ಕಂದು ಫೀನಾಲ್‌ಗಳನ್ನೂ ಮೀಡಿಯಾದಲ್ಲಿ ಉಳಿದ ಹಾರ್ಮೋನನ್ನೂ ಚಾರ್ಕೋಲ್ ಹೀರಿಕೊಳ್ಳುತ್ತದೆ. ಬುಡಕ್ಕೆ ಕತ್ತಲೂ ಆಗುತ್ತದೆ, ಬೇರಿಗೆ ಅದು ಇಷ್ಟ. ಇದರ ಇನ್ನೊಂದು ಮುಖವೂ ಗೊತ್ತಿರಲಿ. ಚಾರ್ಕೋಲ್ ಹಾಕಿದ ಬಾಟಲಿಗೇ ಎನ್‌ಎಎ ಹಾಕಿದರೆ ಅದನ್ನೂ ಹೀರುತ್ತದೆ. ಆಮೇಲೆ "ಎನ್‌ಎಎ ಕೆಲಸ ಮಾಡಲಿಲ್ಲ" ಅಂತ ಬರೆಯಬೇಡಿ.

ನನ್ನ ಅನುಭವದಲ್ಲಿ ಡೆಂಡ್ರೋಬಿಯಂಗೆ ಇಷ್ಟೇ ಸಾಕು, ತಾನಾಗಿ ಬೇರು ಬಿಡುತ್ತದೆ. ಬಿಡದಿದ್ದರೆ ಮುಂದಿನ ಸಲ ಚಾರ್ಕೋಲ್ ಇಲ್ಲದೆ ಎನ್‌ಎಎ 0.5 ಮಿ.ಗ್ರಾಂ ಅಥವಾ ಇನ್ನೊಂದು ಆಕ್ಸಿನ್ ಆದ ಐಬಿಎ 1 ಮಿ.ಗ್ರಾಂ. 2 ಮಿ.ಗ್ರಾಂ ಎನ್‌ಎಎಗೆ ಹೋದರೆ ಬೇರಿನ ಬದಲು ಬುಡದಲ್ಲಿ ಕ್ಯಾಲಸ್ ಊದಿಕೊಳ್ಳುವ ಸಾಧ್ಯತೆ ಜಾಸ್ತಿ.

ಬೇಕಿದ್ದರೆ ಬಾಳೆಹಣ್ಣಿನ ತಿರುಳು 50 ಗ್ರಾಂ ರುಬ್ಬಿ ಹಾಕಿ, ಬೇರು ಬಿಟ್ಟ ಮೇಲೆ ಮರಿ ದಪ್ಪಗಾಗುತ್ತವೆ. ಪಕ್ಕದ ಕಂಪ್ಲಿಯಲ್ಲೇ ಬಾಳೆ ಬೆಳೆಯುತ್ತಾರಲ್ಲ, ಹಣ್ಣಿಗೇನು ಬರ! ಹಣ್ಣು ಹಾಕಿದ ಮೇಲೆ ಪಿಎಚ್ ಮತ್ತೆ ನೋಡಿ. 5ಕ್ಕಿಂತ ಕೆಳಗೆ ಹೋದರೆ ಅಗಾರ್ ಗಟ್ಟಿಯಾಗಲ್ಲ.

ಪ್ಲಾನೋಫಿಕ್ಸ್ ಬೇಡ. ಹತ್ತಿ, ಮೆಣಸಿನಕಾಯಿಯಲ್ಲಿ ಹೂವು ಉದುರದಂತೆ ಹೊಡೆಯಲು ಇರುವ ಔಷಧಿ ಅದು. ಎನ್‌ಎಎ 4.5 ಶೇಕಡಾ, ಅಂದರೆ 1 ಮಿ.ಲೀ.ನಲ್ಲಿ 45 ಮಿ.ಗ್ರಾಂ. ಡ್ರಾಪರ್‌ನ ಒಂದು ಹನಿ ಸುಮಾರು 0.05 ಮಿ.ಲೀ. ಅಂತ ಹಿಡಿದರೂ ಆ ಒಂದೇ ಹನಿಯಲ್ಲಿ 2 ಮಿ.ಗ್ರಾಂ ದಾಟಿತು. ಎನ್‌ಎಎ ಬಿಟ್ಟು ಅದರಲ್ಲಿರುವ ಉಳಿದ ಪದಾರ್ಥಗಳು ಹೊಲದ ಎಲೆಗೆ ಸರಿ, ಬಾಟಲಿಯೊಳಗಿನ ಮರಿಗೆ ಅಲ್ಲ. ಲ್ಯಾಬ್ ಪುಡಿ 5 ಗ್ರಾಂ ತರಿಸಿದರೆ ನಿಮ್ಮ ಅಳತೆಯ ಲ್ಯಾಬ್‌ಗೆ ವರ್ಷಗಟ್ಟಲೆ ಬರುತ್ತದೆ.

ಟಿಡಿಝಡ್ ಬಗ್ಗೆ ಹುಲಿಗಿಯವರಿಗೆ: ಅದು ಮೊದಲು ಮಾರುಕಟ್ಟೆಗೆ ಬಂದದ್ದೇ ಕೊಯ್ಲಿಗೆ ಮುಂಚೆ ಹತ್ತಿ ಗಿಡದ ಎಲೆ ಉದುರಿಸಲು. ಆರ್ಕಿಡ್‌ನಲ್ಲಿ ಪಿಎಲ್‌ಬಿ (ಪ್ರೋಟೋಕಾರ್ಮ್ ತರಹದ ಗುಂಡುಗಳು) ತರಿಸಲು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ಗಿಡದೊಳಗೆ ಅದು ಬೇಗ ಕರಗಲ್ಲ. ಹೆಚ್ಚು ದಿನ ಇಟ್ಟರೆ ಚಿಗುರು ಉದ್ದವಾಗಲ್ಲ, ಬೇರು ಬರಲ್ಲ, ಆಕಾರ ಕೆಟ್ಟ ಮರಿಗಳೂ ಬರುತ್ತವೆ. ಕಡಿಮೆ ಪ್ರಮಾಣ, ಕಡಿಮೆ ದಿನ, ಆಮೇಲೆ ಹೊರಗೆ.

ಸಿರುಗುಪ್ಪದ ಹುಡುಗ

ಅಕ್ಕಾ, ತುಂಬಾ ಥ್ಯಾಂಕ್ಸ್. ಎಳನೀರಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ.

ಇನ್ನೆರಡು ಕೇಳಲಾ? ನನ್ನ ತಕ್ಕಡಿ 10 ಮಿ.ಗ್ರಾಂಗಿಂತ ಕೆಳಗೆ ಸರಿಯಾಗಿ ತೋರಿಸಲ್ಲ. 0.5 ಮಿ.ಗ್ರಾಂ ಹೇಗೆ ತೂಗುವುದು? ಮತ್ತೆ ಎಸಿ ಹಾಕಿಸಲು ಅಪ್ಪ ಒಪ್ಪುತ್ತಿಲ್ಲ. ಬಾಟಲಿ ಒಳಗಿನ ಗಿಡಕ್ಕೆ ಎಸಿ ಯಾಕೆ, ಮನುಷ್ಯರಿಗೇ ಇಲ್ಲ ಅಂತಾರೆ.

ರಾಯಚೂರು ಅಕ್ಕ

ಅಪ್ಪ ಹೇಳುವುದರಲ್ಲೂ ನ್ಯಾಯ ಇದೆ.

0.5 ಮಿ.ಗ್ರಾಂ ಯಾರೂ ತೂಗಲ್ಲ. ಸ್ಟಾಕ್ ಮಾಡಿ. ಬಿಎಪಿ 100 ಮಿ.ಗ್ರಾಂ ತೂಗಿ, ಸಣ್ಣ ಬೀಕರ್‌ನಲ್ಲಿ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಟ್ಟು ಅಲ್ಲಾಡಿಸಿ. ಪುಡಿ ಪೂರ್ತಿ ಕರಗಿದ ಮೇಲೆ ಮಾತ್ರ ಡಿಸ್ಟಿಲ್ಡ್ ನೀರು ಸೇರಿಸಿ 100 ಮಿ.ಲೀ. ಮಾಡಿ. ಮೊದಲೇ ನೀರು ಸುರಿದರೆ ಪುಡಿ ತೇಲಾಡುತ್ತಾ ಕೂರುತ್ತದೆ. ಎನ್‌ಎಎಗೂ ಇದೇ ದಾರಿ. ಈಗ 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಇದೆ, ಪಿಪೆಟ್‌ನಿಂದ ಅರ್ಧ ಮಿ.ಲೀ. ತೆಗೆದರೆ ಆಯಿತು. ನೂರು ಮಿ.ಗ್ರಾಂ ತೂಗುವುದರಲ್ಲೂ ನಿಮ್ಮ ತಕ್ಕಡಿ ಸ್ವಲ್ಪ ಆಚೀಚೆ ತೋರಿಸಬಹುದು. ಅದಕ್ಕೆ ಒಂದೇ ಸ್ಟಾಕ್‌ನಿಂದ ಎಲ್ಲ ಬಾಟಲಿ ಮಾಡಿ, ಆಗ ಹೋಲಿಕೆಯಾದರೂ ಸರಿ ಇರುತ್ತದೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ. ಕೈಗೆ ಗ್ಲೌಸ್ ಇರಲಿ, ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ. ಟಿಡಿಝಡ್ ಆದರೆ ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಬೇಕು.

ಬಿಎಪಿ, ಎನ್‌ಎಎ ಎರಡನ್ನೂ ಮೀಡಿಯಾ ಜೊತೆಗೇ ಕುಕ್ಕರ್‌ಗೆ ಹಾಕಬಹುದು, 121 ಡಿಗ್ರಿ ತಡೆಯುತ್ತವೆ. ಐಎಎ, ಜಿಎ3 ಅನ್ನುವ ಬೇರೆ ಹಾರ್ಮೋನ್‌ಗಳು ಮಾತ್ರ ಬಿಸಿಗೆ ಕೆಡುತ್ತವೆ. ಅವನ್ನು 0.22 ಮೈಕ್ರಾನ್ ಫಿಲ್ಟರ್‌ನಿಂದ ಸೋಸಿ, ಮೀಡಿಯಾ ಆರಿದ ಮೇಲೆ ಹಾಕಬೇಕು. ನಿಮಗೆ ಸದ್ಯಕ್ಕೆ ಅವೆರಡೂ ಬೇಕಾಗಿಲ್ಲ.

ಇನ್ನು ಬಿಸಿ. ಕಲ್ಚರ್ ರೂಮ್ 25 ಡಿಗ್ರಿ, ಎರಡು ಆಚೀಚೆ, ಅಂತ ಎಲ್ಲ ಕಡೆ ಬರೆದಿರುತ್ತಾರೆ. ಬರೆದವರು ನಮ್ಮ ಕಡೆ ಮೇ ತಿಂಗಳು ನೋಡಿರಲ್ಲ. ಎಸಿ ಇಲ್ಲದೆ ಆ ತಿಂಗಳು ದಾಟಿಸುವುದು ಕಷ್ಟವೇ, ಸುಳ್ಳು ಹೇಳಲ್ಲ. ಆದರೆ ದುಡ್ಡಿಲ್ಲದೆ ಮಾಡುವ ಒಂದು ಕೆಲಸ ಇದೆ. ಲೈಟ್ 16 ಗಂಟೆ ಬೇಕು ಅಲ್ವಾ, ಅದನ್ನು ಸಂಜೆ 6ಕ್ಕೆ ಹಚ್ಚಿ ಬೆಳಿಗ್ಗೆ 10ಕ್ಕೆ ಆರಿಸಿ. ಗಿಡಕ್ಕೆ ಹಗಲು ಯಾವುದು ರಾತ್ರಿ ಯಾವುದು ಅಂತ ಗಡಿಯಾರ ನೋಡಿ ಗೊತ್ತಾಗಲ್ಲ. ಲೈಟಿನ ಬಿಸಿ ತಂಪು ಹೊತ್ತಿಗೆ ಬೀಳುತ್ತದೆ, ಮಧ್ಯಾಹ್ನ ಕತ್ತಲು. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಇದ್ದರೆ ತೆಗೆದು ಎಲ್‌ಇಡಿ ಹಾಕಿ. ಕೂಲರ್ ಅನ್ನು ಮಾತ್ರ ಆ ರೂಮಿನಿಂದ ಆಚೆ ಇಡಿ. ಒದ್ದೆ ಗಾಳಿ ಜೊತೆಗೆ ಬೂಷ್ಟಿನ ಕಣಗಳನ್ನೂ ಎಲ್ಲ ಕಡೆ ಊದುತ್ತದೆ.

ಬಳ್ಳಾರಿ ಗುಡ್ಡದವ

ಅಕ್ಕ ಬಾಟಲಿ ಒಳಗಿನದು ಹೇಳಿದರು, ನಾನು ಹೊರಗಿನದು ಹೇಳುತ್ತೇನೆ. ನನಗೆ ಲ್ಯಾಬ್ ಇಲ್ಲ. ಬಾಟಲಿ ಮರಿಗಳನ್ನು ಕೊಂಡು ತಂದು ಬಳ್ಳಾರಿಯಲ್ಲಿ ಟೆರೇಸ್ ಮೇಲೆ ಬೆಳೆಸುತ್ತೇನೆ.

ಬೇರು ಬಂತು ಅಂತ ಮಾರ್ಚ್‌ನಿಂದ ಮೇ ನಡುವೆ ಬಾಟಲಿ ತೆಗೆಯಬೇಡಿ. ಡೆಂಡ್ರೋಬಿಯಂಗೆ ಬಿಸಿ ಅಷ್ಟು ಕಷ್ಟ ಅಲ್ಲ, ಒಣ ಗಾಳಿ ಕಷ್ಟ. ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಲಿನ ಮೇಣದ ಪದರ ತೆಳು, ರಂಧ್ರಗಳನ್ನು ಸರಿಯಾಗಿ ಮುಚ್ಚಲೂ ಬರಲ್ಲ. ನಮ್ಮ ಬೇಸಿಗೆ ಗಾಳಿಗೆ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬಾಡುತ್ತದೆ. ಜುಲೈ, ಆಗಸ್ಟ್ ಬರಲಿ. ಮರಿ ಮೊದಲೇ ತಯಾರಾದರೆ ಇನ್ನೊಂದು ಸಲ ಬಾಟಲಿ ಬದಲಿಸಿ ಕಾಯಿರಿ.

ಅಗಾರ್ ಚೂರೂ ಉಳಿಯದಂತೆ ತೊಳೆಯಿರಿ. ಅದರಲ್ಲಿ ಸಕ್ಕರೆ ಇದೆ, ಬೂಷ್ಟು ಅಲ್ಲಿಂದಲೇ ಶುರು. ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ ಕಲಸಿ ಸ್ವಲ್ಪ ಹೊತ್ತು ಅದ್ದಿ, ಆರಲು ಬಿಡಿ. ತೆಂಗಿನ ಸಿಪ್ಪೆ ತುಂಡು ಮತ್ತು ಇದ್ದಿಲು ನಾನು ಬಳಸುವುದು. ಸಿಪ್ಪೆಯನ್ನು ನೀರು ಬದಲಿಸುತ್ತಾ ನೆನೆಸಿ, ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ. ಒಂದೊಂದು ಮರಿಗೆ ಒಂದೊಂದು ಕುಂಡ ಬೇಡ, ಒಂದೇ ಟ್ರೇಯಲ್ಲಿ ಒತ್ತಾಗಿ ಕೂರಿಸಿದರೆ ತೇವ ಉಳಿಯುತ್ತದೆ. ಮೇಲೆ 75 ಶೇಕಡಾ ನೆರಳು ಬಲೆ, ಟ್ರೇಗೆ ಪಾಲಿಥಿನ್ ಹೊದಿಕೆ. ಆಮೇಲೆ ದಿನ ದಿನ ಹೊದಿಕೆ ಸ್ವಲ್ಪ ಸ್ವಲ್ಪ ಸರಿಸಿ. ಸಂಜೆ ನೀರು ಸಿಂಪಡಿಸಬೇಡಿ, ರಾತ್ರಿ ಸುಳಿಯಲ್ಲಿ ನಿಂತು ಕೊಳೆಸುತ್ತದೆ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಟಿಡಿಎಸ್ ಮೀಟರ್‌ನಲ್ಲಿ ಸಾವಿರ ದಾಟುತ್ತದೆ. ಅದನ್ನು ಹಾಕಿದರೆ ಸಿಪ್ಪೆ ಮೇಲೆ ಬಿಳಿ ಉಪ್ಪು ಕೂರುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ಮಳೆ ನೀರು ಹಿಡಿದಿಡಿ, ಇಲ್ಲದಿದ್ದರೆ ಆರ್‌ಒ ನೀರು. ಹೊಸ ಬೇರು ಹಸಿರು ತುದಿ ತೋರಿಸಿದ ಮೇಲೆ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಅದು ನಿಮ್ಮ ಅಂಗಡಿಯಲ್ಲೇ ಇರುತ್ತದಲ್ಲ.

ಹುಲಿಗಿ ಪ್ಯಾಸೆಂಜರ್

ಅಕ್ಕ, ಟಿಡಿಝಡ್ ವಾಪಸ್ ತಗೊಂಡೆ 🙏 ಒಂದು ಡೌಟ್. ಇಷ್ಟೆಲ್ಲ ಕಷ್ಟಪಟ್ಟರೆ ಎಲ್ಲ ಗಿಡದಲ್ಲೂ ಅದೇ ನೇರಳೆ ಹೂವು ಬರುತ್ತಾ?

ರಾಯಚೂರು ಅಕ್ಕ

ಬರಲ್ಲ. ಒಳ್ಳೆಯ ಪ್ರಶ್ನೆ, ನಾನೇ ಹೇಳಬೇಕಿತ್ತು.

ಇವರು ಮಾಡಿದ್ದು ಬೀಜದಿಂದ. ನರ್ಸರಿಯಲ್ಲಿ ಸಿಗುವ ಡೆಂಡ್ರೋಬಿಯಂ ಸಾಮಾನ್ಯವಾಗಿ ಹೈಬ್ರಿಡ್. ಅದರ ಕಾಯಿಯ ಒಂದೊಂದು ಬೀಜವೂ ಬೇರೆ ಬೇರೆ. ಒಂದು ಗಾಢ ನೇರಳೆ, ಒಂದು ಮಾಸಲು, ಒಂದು ದಂಟು ಕುಳ್ಳ. ಒಂದೇ ಬೀಜದ ಮರಿಯನ್ನು ಬಿಎಪಿಯಲ್ಲಿ ಒಡೆಸಿದರೆ ಆ ಗುಂಪು ಮಾತ್ರ ಒಂದೇ ತರಹ. ಅದಕ್ಕೆ ಈಗ ಗಂಟು ಬಿಡಿಸುವಾಗ ಯಾವ ಬಾಟಲಿಯ ತುಂಡು ಯಾವುದಕ್ಕೆ ಹೋಯಿತು ಅಂತ ನಂಬರ್ ಹಾಕಿ. ಮೂರು ವರ್ಷದ ಆಚೆ ಹೂವು ಬಂದಾಗ ಯಾವ ಗುಂಪು ಚೆನ್ನಾಗಿದೆ ಅಂತ ಗೊತ್ತಾಗಬೇಕಲ್ಲ.

ತಾಯಿ ಗಿಡದ್ದೇ ಹೂವು ಬೇಕು ಅಂದರೆ ಬೀಜದ ಹಾದಿ ಬಿಟ್ಟು ಚಿಗುರಿನ ತುದಿ ತೆಗೆಯಬೇಕು. 1960ರಲ್ಲಿ ಫ್ರಾನ್ಸ್‌ನ ಮೊರೆಲ್ ಸಿಂಬಿಡಿಯಂನಲ್ಲಿ ಮಾಡಿ ತೋರಿಸಿದ ದಾರಿ ಅದು. ಇವತ್ತು ಹೂವಿನಂಗಡಿಯಲ್ಲಿ ಒಂದೇ ತರಹದ ಸಾವಿರಾರು ಆರ್ಕಿಡ್ ಕಾಣುವುದು ಆ ದಾರಿಯಿಂದ. ಡೆಂಡ್ರೋಬಿಯಂನಲ್ಲಿ ಹೊಸದಾಗಿ ಎದ್ದ ಎಳೆ ದಂಟಿನ ತುದಿ, ಪಕ್ಕದ ಕಣ್ಣು ಎರಡೂ ಆಗುತ್ತವೆ. ಕಷ್ಟ ಇರುವುದು ಶುದ್ಧ ಮಾಡುವುದರಲ್ಲಿ. ಹಸಿ ಕಾಯಿಯ ಒಳಗೆ ಬೀಜ ಶುದ್ಧವಾಗಿಯೇ ಇರುತ್ತದೆ, ಹೊರಗೆ ಬೆಂಕಿ ತೋರಿಸಿದರೆ ಮುಗಿಯಿತು. ದಂಟಿನ ಕಣ್ಣಿನ ಪದರಗಳ ಒಳಗೆ ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಅಡಗಿರುತ್ತವೆ. ಅಲ್ಲಿ ಬಿಎಪಿ 2 ಮಿ.ಗ್ರಾಂ ಹಾಕಿದರೆ ತಪ್ಪಿಲ್ಲ. ಮಲಗಿರುವ ಕಣ್ಣನ್ನು ಎಬ್ಬಿಸಬೇಕು, ಅದಕ್ಕೆ ಅಷ್ಟು ಬೇಕಾಗುತ್ತದೆ. ಒಡೆದ ಮೇಲೆ ಇಳಿಸುತ್ತಾ ಬನ್ನಿ. ಬಾಳೆಯಲ್ಲಿ ಎಂಟು ಸಬ್‌ಕಲ್ಚರ್ (ಬಿಡಿಸಿ ಹೊಸ ಬಾಟಲಿಗೆ ಹಾಕುವುದು) ಹೊತ್ತಿಗೆ ನಿಲ್ಲಿಸಿ ಹೊಸ ತುದಿಯಿಂದ ಶುರು ಮಾಡುವ ರೂಢಿ ಇದೆ. ಜಾಸ್ತಿ ತಿರುಗಿಸಿದಷ್ಟೂ ಬೇರೆ ತರಹದ ಗಿಡ ನುಸುಳುತ್ತವೆ. ಆರ್ಕಿಡ್‌ನಲ್ಲೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ.

ಮಾರುವ ಯೋಚನೆ ಇದ್ದರೆ, ಕಾಯಿಯಿಂದ ಬಂದ ಮರಿಗಳಿಗೆ ತಾಯಿ ಗಿಡದ ಫೋಟೋ ಹಾಕಿ ಮಾರಬೇಡಿ. "ಬೀಜದ ಮರಿ" ಅಂತಲೇ ಬರೆಯಿರಿ. ಅದನ್ನೇ ಹುಡುಕಿ ಕೊಳ್ಳುವವರು ಇದ್ದಾರೆ, ಯಾವ ಬಣ್ಣ ಬರುತ್ತೋ ಅನ್ನುವ ಆಸೆಗೆ.

ಸಿರುಗುಪ್ಪದ ಹುಡುಗ

ಸರಿ ಅಕ್ಕ. ಚಾರ್ಕೋಲ್ ಆರ್ಡರ್ ಹಾಕಿದೆ. ಅದು ಬರುವವರೆಗೆ ಹತ್ತು ಬಾಟಲಿಯನ್ನು ಚಾರ್ಕೋಲ್ ಇಲ್ಲದೆ, ಹಾರ್ಮೋನ್ ಇಲ್ಲದೆ, ಅಗಾರ್ 8 ಗ್ರಾಂನಲ್ಲಿ ಹಾಕುತ್ತೇನೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು ಅಲ್ವಾ? ಲೈಟ್ ಟೈಮರ್ ಇವತ್ತೇ ತಿರುಗಿಸಿದೆ, ಕೂಲರ್ ಕೆಳಗೆ ಅಂಗಡಿಗೆ ಹೋಯಿತು. ಅಪ್ಪ ಈಗ ಆರ್ಕಿಡ್ ಬಗ್ಗೆ ಏನೂ ಅನ್ನುತ್ತಿಲ್ಲ.

ರಾಯಚೂರು ಅಕ್ಕ

ನೋಡಬಹುದು. ಆರು ವಾರಕ್ಕೆ ಎರಡರ ಫೋಟೋನೂ ಇಲ್ಲೇ ಹಾಕಿ. ಬುಡ ಕಾಣುವ ಹಾಗೆ ತೆಗೆಯಿರಿ, ಮೇಲಿನಿಂದ ಅಲ್ಲ.